ಸರ್ವೆ ಮುಗಿದ ಮೇಲೆ ಕಲ್ಲು ಕಾಯುವವರು ಯಾರು?

ಮಾನ್ಯ ಸಂಪಾದಕರೆ,

ಹೊಲಕ್ಕೆ ಹೋಗುವ ದಾರಿಯ ಜಗಳದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಬದು ಒಡೆದರು, ಬಂಡಿದಾರಿಗೆ ಜಾಲಿಮುಳ್ಳು ಬಡಿದರು, ಎರಡು ಮನೆಯವರು ಕುಡಗೋಲು ಹಿಡಿದು ನಿಂತರು, ಕೇಸಾಯಿತು. ಸುದ್ದಿಯ ಕೊನೆಯ ಸಾಲು ಬಹುತೇಕ ಒಂದೇ: ಸರ್ವೆ ಮಾಡಿಸಿ ದಾರಿ ಬಿಡಿಸಿಕೊಡಬೇಕೆಂದು ರೈತರು ಒತ್ತಾಯಿಸಿದ್ದಾರೆ. ಆ ಸರ್ವೆ ಕೆಲಸದಲ್ಲೇ ನನ್ನ ಆಯುಷ್ಯ ಸವೆದಿದೆ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಸೀಮೆಯಲ್ಲಿ ಪೋಡಿ (ಹೊಲ ಭಾಗ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು) ಅಂತ ಎರಿ ಹೊಲಗಳನ್ನು ತುಳಿದವನು ನಾನು. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಬರೀ ಸರ್ವೆಯಿಂದ ಈ ಜಗಳ ತೀರುವುದಿಲ್ಲ. ನಾವು ಅಳತೆ ಮಾಡಿ, ಪಂಚನಾಮೆ ಬರೆದು, ಬಾಂದುಕಲ್ಲು, ಅಂದರೆ ಗಡಿಗಲ್ಲು, ನೆಡಿಸಿ ಬರುತ್ತೇವೆ. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ಕಲ್ಲು ಇರುವುದಿಲ್ಲ. ಕೇಳಿದರೆ, "ಸಾಹೇಬ್ರ, ಕಲ್ಲು ತಾನ ನಡಕೊಂತ ಹೋತ್ರಿ" ಅನ್ನುತ್ತಾರೆ. ನಗಬೇಕೋ ಅಳಬೇಕೋ ತಿಳಿಯದು.

ಈಗ ಡ್ರೋನ್ ಬಂದಿದೆ, ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಎರಡೂ ಒಳ್ಳೆಯ ಕೆಲಸ, ನನ್ನ ತಕರಾರಿಲ್ಲ. ಆದರೆ ಆಕಾಶದಿಂದ ಎಷ್ಟು ಚೆಂದ ಫೋಟೊ ತೆಗೆದರೂ ನಕಾಶೆ ಊರಿನವರ ತಲೆಯಲ್ಲಿ ಇಲ್ಲದಿದ್ದರೆ ಅದು ಕಚೇರಿಯ ಕಾಗದ, ಅಷ್ಟೆ. ಈ ಮಾತಿಗೆ ನನಗೆ ಪುರಾವೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ. "ನಮ್ಮೂರ ದಾರಿಗೆ ವಿಲಾಯತಿ ಪುರಾಣ ಯಾಕ್ರೀ?" ಎಂದು ಓದುಗರು ಕೇಳಬಹುದು. ಸ್ವಲ್ಪ ಸೈರಣೆಯಿಂದ ಓದಿ.

ನನ್ನ ಮಗ ನಾಟಿಂಗ್‌ಹ್ಯಾಮ್ ಎಂಬ ಊರಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ನಾವಿಬ್ಬರು ಮುದುಕರು ಅವನ ಮನೆಗೆ ಹೋಗಿದ್ದೆವು. ಲಂಡನ್ನಿನ ಅರಮನೆ, ಗಡಿಯಾರದ ಗೋಪುರ ಎಲ್ಲ ತೋರಿಸಿದ. ಮನೆಯವಳಿಗೆ ಖುಷಿಯಾಯಿತು, ನನಗೆ ಕಾಲು ನೋವಾಯಿತು. ಕೊನೆಗೆ ಸೊಸೆಯೇ, "ಮಾಮಾ, ನಿಮಗ ಹೊಲಾ ತೋರ್ಸಬೇಕು ನೋಡ್ರಿ" ಅಂತ ಲ್ಯಾಕ್ಸ್‌ಟನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ಮಗನ ಮನೆಯಿಂದ ಕಾರಿನಲ್ಲಿ ತಾಸೊಪ್ಪತ್ತಿನ ದಾರಿ. ಒಂದು ಚರ್ಚು, ಒಂದು ಪಬ್ಬು, ಓಣಿಯ ಎರಡೂ ಬದಿಗೆ ಕೆಂಪು ಇಟ್ಟಿಗೆಯ ಒಕ್ಕಲು ಮನೆಗಳು. ನಮ್ಮ ಕಡೆ ಇದನ್ನು ಮಜರೆ ಅನ್ನುತ್ತಿದ್ದೆವು.

ಆದರೆ ಆ ಊರಿನ ದಫ್ತರು ನೋಡಿದರೆ ನನ್ನಂಥವನಿಗೆ ಬಾಯಲ್ಲಿ ನೀರು. 1086ರಲ್ಲಿ ನಾರ್ಮನ್ ರಾಜ ವಿಲಿಯಂ ತನ್ನ ರಾಜ್ಯದ ಹೊಲ, ನೇಗಿಲು, ಒಕ್ಕಲುಗಳ ಲೆಕ್ಕ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲೇ ಲ್ಯಾಕ್ಸ್‌ಟನ್ ಇದೆ. ಆಗ ಅದು ಜೆಫ್ರಿ ಆಲ್ಸೆಲಿನ್ ಎಂಬ ಸರದಾರನ ಕೈಯಲ್ಲಿತ್ತು. ನಮ್ಮ ಇಟಗಿಯ ಮಹಾದೇವ ಗುಡಿ ಕಟ್ಟಿದ್ದು 1112ರಲ್ಲಿ, ಅದಕ್ಕೂ ಮೊದಲಿನ ಮಾತು ಇದು. ಮುಂದೆ ಶೇರ್‌ವುಡ್ ಕಾಡಿನ ಕಾವಲು ಹೊತ್ತ ಎವರಿಂಗ್‌ಹ್ಯಾಮ್ ಮನೆತನದವರು ಅಲ್ಲಿ ಇದ್ದರು. ಅವರ ಕೋಟೆಯ ಮಣ್ಣಿನ ದಿಬ್ಬ ಊರ ಉತ್ತರಕ್ಕೆ ಇನ್ನೂ ಇದೆ. ಚರ್ಚಿನ ಒಳಗೆ ಆ ಮನೆತನದ ಕಲ್ಲಿನ ಮೂರ್ತಿಗಳು ಮಲಗಿವೆ, ಜೊತೆಗೆ ಓಕ್ ಮರದಲ್ಲಿ ಕೆತ್ತಿದ ಒಬ್ಬ ಹೆಣ್ಣುಮಗಳ ಮೂರ್ತಿ. ಇವೆಲ್ಲ ಇರಲಿ, ನನಗೆ ಬೇಕಾದದ್ದು ಬೇರೆ ಇತ್ತು.

1635ರಲ್ಲಿ ಸರ್ ವಿಲಿಯಂ ಕೋರ್ಟನ್ ಎಂಬ ಲಂಡನ್ ವ್ಯಾಪಾರಿ ಆ ಊರಿನ ಒಡೆಯ. ಕೊಂಡ ಆಸ್ತಿ ಎಷ್ಟು, ಯಾರ ಕೈಯಲ್ಲಿ ಏನಿದೆ ನೋಡೋಣವೆಂದು ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನಿಂದ ಇಡೀ ಊರಿನ ಅಳತೆ ಮಾಡಿಸಿದ. ಆ ನಕಾಶೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ, ಅದರ ಚಿತ್ರ ನೋಡಿದೆ. ಒಂದೊಂದು ಪಟ್ಟಿ ಹೊಲಕ್ಕೂ ಗೆರೆ, ಒಂದೊಂದು ಮನೆಗೂ ಗುರುತು. ನಡುನಡುವೆ ನೇಗಿಲು ಹೊಡೆಯುವವರು, ಬಿತ್ತುವವರು, ಕೊಯ್ಯುವವರ ಸಣ್ಣ ಸಣ್ಣ ಚಿತ್ರ. ಜೊತೆಗೆ ಒಂದು ವಿವರಪುಸ್ತಕ: ಯಾವ ಪಟ್ಟಿ ಯಾರದು, ಎಷ್ಟು ವಿಸ್ತೀರ್ಣ, ಮಗ್ಗುಲಲ್ಲಿ ಯಾರು. ನಮ್ಮ ಗ್ರಾಮ ನಕಾಶೆ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಮೂರನ್ನೂ ಒಬ್ಬನೇ ಮನುಷ್ಯ ಒಂದೇ ಕಟ್ಟಿನಲ್ಲಿ ಮಾಡಿಟ್ಟಂತೆ. ಪಿಯರ್ಸ್‌ನ ಕೈಗೆ ನನ್ನ ಶರಣು.

ಆಗಿನ ಇಂಗ್ಲೆಂಡಿನ ಬಹಳ ಊರುಗಳಂತೆ ಇಲ್ಲಿಯೂ ಹೊಲಕ್ಕೆ ಬೇಲಿ ಇರಲಿಲ್ಲ. ಪ್ರತಿ ಒಕ್ಕಲಿಗನಿಗೆ ಒಂದೇ ಕಡೆ ಹೊಲವಲ್ಲ, ದೊಡ್ಡ ಬಯಲಿನಲ್ಲಿ ಅಲ್ಲೊಂದು ಪಟ್ಟಿ ಇಲ್ಲೊಂದು ಪಟ್ಟಿ. ಒಳ್ಳೆಯ ಮಣ್ಣೂ ಜವಳು ಮಣ್ಣೂ ಎಲ್ಲರಿಗೂ ಹಂಚಿಕೆಯಾಗಲಿ ಅಂತ. ಲ್ಯಾಕ್ಸ್‌ಟನ್ನಿನಲ್ಲಿ ಇವತ್ತಿಗೂ ಅಂಥ ಮೂರು ಬಯಲುಗಳಿವೆ: ಪಶ್ಚಿಮದ ಹೊಲ, ಗಿರಣಿ ಹೊಲ, ದಕ್ಷಿಣದ ಹೊಲ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ತಿರುಗುತ್ತದೆ. ಪಟ್ಟಿಗಳ ನಡುವೆ ನೇಗಿಲು ಇಳಿಯದ ಹುಲ್ಲಿನ ತಗ್ಗುಗಳಿವೆ, ಆ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ. ಮೊದಲಿದ್ದ ಸಾವಿರಾರು ಚೂರು ಪಟ್ಟಿಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೂಡಿಸಿ ದೊಡ್ಡದು ಮಾಡಿದ್ದಾರೆ. ಬಯಲೂ ಮೊದಲಿನಷ್ಟು ಇಲ್ಲ. ಆದರೂ ಪದ್ಧತಿ ಜೀವಂತ.

ಇನ್ನು ನಾನು ಹೇಳಬೇಕೆಂದಿರುವ ಸಂಗತಿ. ಪ್ರತಿ ವರ್ಷ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಲ್ಲಿ ಊರಿನ ಹನ್ನೆರಡು ಜನ ಪಂಚರು ಮತ್ತು ಅವರ ಮುಖ್ಯಸ್ಥ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೊಲಕ್ಕೆ ಹೋಗುತ್ತಾರೆ. ಆ ವರ್ಷ ಗೋಧಿ ಬಿತ್ತಿದ ಬಯಲನ್ನು ಪೂರ್ತಿ ಸುತ್ತುತ್ತಾರೆ. ಪಟ್ಟಿಯ ತುದಿಗೆ ಗೂಟ ಬಡಿಯುತ್ತಾರೆ. ಯಾರಾದರೂ ದಾರಿಯೊಳಗೆ ನೇಗಿಲು ತಂದಿದ್ದರೆ, ಹುಲ್ಲಿನ ತಗ್ಗು ಕೆದರಿದ್ದರೆ, ಬಸಿಗಾಲುವೆ ಸೋಸದೆ ಬಿಟ್ಟಿದ್ದರೆ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಡವ್‌ಕೋಟ್ ಎಂಬ ಪಬ್ಬಿನಲ್ಲಿ ಊಟ. ವಾರ ಬಿಟ್ಟು ಅದೇ ಪಬ್ಬಿನಲ್ಲಿ ಊರ ನ್ಯಾಯಸಭೆ ಕೂಡುತ್ತದೆ, ದಂಡ ಹಾಕುತ್ತದೆ, ಮುಂದಿನ ವರ್ಷದ ಪಂಚರಿಗೆ ಪ್ರಮಾಣ ಬೋಧಿಸುತ್ತದೆ. ದಂಡದ ಹಣ ಚಹಾದ ಖರ್ಚಿಗೂ ಸಾಲದಷ್ಟು. ಆದರೆ ಹೆಸರು ಎಲ್ಲರ ಎದುರಿಗೆ ಓದುತ್ತಾರಲ್ಲ, ದಂಡ ಅಂದರೆ ಅದೇ. ತಪ್ಪಿಸಿಕೊಂಡ ದನವನ್ನು ಹಿಡಿದು ಕಟ್ಟುವವನನ್ನೂ ಈ ಸಭೆಯೇ ನೇಮಿಸುತ್ತದೆ. ಅವನ ಕೊಂಡವಾಡವೂ ಊರಲ್ಲಿದೆ. ನಮ್ಮೂರ ಕೊಂಡವಾಡ ಎಲ್ಲಿತ್ತು ಎಂದು ಈಗಿನ ಹುಡುಗರನ್ನು ಕೇಳಿ ನೋಡಿ. ಅಲ್ಲಿ ಯಾರದೋ ಅಂಗಡಿ ಎದ್ದಿರುತ್ತದೆ.

ಇಂಥ ಊರ ನ್ಯಾಯಸಭೆಗಳ ಅಧಿಕಾರವನ್ನು 1977ರ ಒಂದು ಕಾನೂನು ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ತೆಗೆದುಹಾಕಿತು. ಲ್ಯಾಕ್ಸ್‌ಟನ್ನಿನದು ಮಾತ್ರ ಕೆಲಸ ಮಾಡುತ್ತಲೇ ಇದೆ.

ಹಾಗಂತ ಇದನ್ನು ರಾಮರಾಜ್ಯ ಅಂತ ನಾನು ಹೇಳುವುದಿಲ್ಲ. ಲ್ಯಾಕ್ಸ್‌ಟನ್ ಉಳಿದದ್ದು ಯಾರ ಪುಣ್ಯದಿಂದಲೂ ಅಲ್ಲ. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆ ಬಯಲು, ಗಾಯರಾಣಕ್ಕೆ (ದನ ಮೇಯುವ ಊರ ಜಾಗಕ್ಕೆ) ಬೇಲಿ ಹಾಕಿಸಿತು. ಒಂದು ಆಕಳು, ನಾಲ್ಕು ಬಾತು ಮೇಯಿಸಿಕೊಂಡಿದ್ದ ಬಡವರು ಕೂಲಿಗೆ ಬಿದ್ದರು. ನಮ್ಮಲ್ಲಿ ಗಾಯರಾಣ ನುಂಗುವವರು ರಾತ್ರಿ ನುಂಗುತ್ತಾರೆ, ಅಲ್ಲಿ ಹಗಲು ಹೊತ್ತಿನಲ್ಲಿ ಕಾಯ್ದೆ ಮಾಡಿ ನುಂಗಿದರು. ಲ್ಯಾಕ್ಸ್‌ಟನ್ನಿನ ದೊಡ್ಡ ಒಡೆಯರಲ್ಲಿ ಒಮ್ಮತವಾಗಲಿಲ್ಲ, ಕೆಲಸ ಹಿಂದೆ ಬಿತ್ತು, ಅದರಿಂದ ಬಯಲು ಉಳಿಯಿತು. ಒಮ್ಮೊಮ್ಮೆ ದೊಡ್ಡವರ ಜಗಳವೂ ಊರಿಗೆ ಒಳ್ಳೆಯದು ಮಾಡುತ್ತದೆ. ಊರಿನ ಒಡೆಯರಾಗಿದ್ದ ಅರ್ಲ್ ಮ್ಯಾನ್ವರ್ಸ್ ಮನೆತನದವರು 1952ರಲ್ಲಿ ಆ ಆಸ್ತಿಯನ್ನು ಕೃಷಿ ಮಂತ್ರಾಲಯಕ್ಕೆ ಮಾರಿದರು. 1981ರಲ್ಲಿ ರಾಜಮನೆತನದ ಆಸ್ತಿ ನೋಡುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2020ರಲ್ಲಿ ಮ್ಯಾನ್ವರ್ಸ್ ವಂಶದವರ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಹೊಲ ಮಾಡುವವರು ಎಂದಿನಂತೆ ಗೇಣಿದಾರರು.

ಒಂದು ಪಟ್ಟಿಯ ಅಂಚಿನಲ್ಲಿ ನಾನು ಹಳೆಯ ಚಟದಿಂದ ಹೆಜ್ಜೆ ಹಾಕಿ ಅಳೆದೆ. ಮೊಮ್ಮಗಳು, "ಅಜ್ಜಾ, ಏನ್ ಮಾಡಾಕತ್ತೀ?" ಅಂದಳು. ಎಕರೆ ಅನ್ನುವ ಅಳತೆ ಹುಟ್ಟಿದ್ದೇ ಇಂಥ ಪಟ್ಟಿಯಲ್ಲಿ: ಎತ್ತಿನ ನೇಗಿಲು ಒಂದು ದಿನಕ್ಕೆ ಉಳುವಷ್ಟು, 220 ಗಜ ಉದ್ದ, 22 ಗಜ ಅಗಲ. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ಆ 22 ಗಜಕ್ಕೆ ಸರಿಯಾಗಿ 66 ಅಡಿಯ ಸರಪಳಿ ಮಾಡಿದ. ಅದರ ಅರ್ಧ 33 ಅಡಿ, ಅದೇ ಆಣೆ ಎಂಬ ಹದಿನಾರು ಭಾಗ ಇರುವ ನಮ್ಮ ಸರಪಳಿ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಬಿತ್ತುವ ಕೂರಿಗಿಯ ಲೆಕ್ಕದಲ್ಲಿ ಹೊಲ ಹೇಳುತ್ತಿದ್ದ ನಮ್ಮ ಅಜ್ಜಂದಿರ ಪಹಣಿಗೆ ಯಾವುದೋ ದೇಶದ ಎತ್ತಿನ ದಿನಗೂಲಿ ಬಂದು ಕೂತಿದ್ದು ಹೀಗೆ. ಬಳ್ಳಾರಿ ಸೀಮೆಗೆ ಅದನ್ನು ತಂದವನು ಥಾಮಸ್ ಮನ್ರೋ. ನಿಜಾಮ 1800ರಲ್ಲಿ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದು, ಹೊಲ ಹೊಲಕ್ಕೂ ಸರಪಳಿ ಹಿಡಿಸಿದ. ಮನ್ರೋ ಅಂದರೆ ನಮ್ಮ ಜನಕ್ಕೆ ಮಂತ್ರಾಲಯದ ರಾಯರ ಕಥೆ ನೆನಪಾಗುತ್ತದೆ, ಸರಪಳಿ ಯಾರಿಗೂ ನೆನಪಿಲ್ಲ. ಕೊಪ್ಪಳ, ರಾಯಚೂರು ನಿಜಾಮನ ಕೈಯಲ್ಲೇ ಉಳಿದವು. ಇಲ್ಲಿಯ ಹಳೆಯ ದಫ್ತರೆಲ್ಲ ಉರ್ದು. ಸೇತವಾರ್ ಎಂಬ ಹಳೆಯ ಸರ್ವೆ ದಾಖಲೆ ಓದಲಿಕ್ಕೆ ನಾನು ಹಳೆಯ ಗುಮಾಸ್ತರೊಬ್ಬರ ಮನೆಗೆ ಸಂಜೆ ಹೋಗಿ ಅಲೀಫ್, ಬೇ ಕಲಿತೆ. ಅವರು ತೀರಿಕೊಂಡ ಮೇಲೆ ತಾಲ್ಲೂಕಿನಲ್ಲಿ ಅದನ್ನು ಸರಾಗವಾಗಿ ಓದುವವರು ಕಡಿಮೆಯಾದರು. ಸ್ಕ್ಯಾನ್ ಮಾಡಿದ ಕಾಗದವನ್ನು ನಾಳೆ ಓದುವವರು ಯಾರು ಎಂಬುದನ್ನೂ ಸರಕಾರ ಈಗಲೇ ವಿಚಾರ ಮಾಡಬೇಕು.

ಅಲ್ಲಿಯ ಹಳ್ಳಿಗಳ ಕಥೆ ಇಷ್ಟು ವಿವರವಾಗಿ ಉಳಿದಿರುವುದಕ್ಕೆ ಇನ್ನೊಂದು ಕಾರಣ ಪ್ಯಾರಿಷ್. ಒಂದು ಚರ್ಚು, ಅದರ ಸುತ್ತಿನ ಸೀಮೆ, ಆ ಸೀಮೆಯ ಜನ, ಇಷ್ಟು ಕೂಡಿದರೆ ಒಂದು ಪ್ಯಾರಿಷ್. ನಮ್ಮ ಕಂದಾಯ ಗ್ರಾಮದ ಹಾಗೆ ಅದಕ್ಕೂ ಗಟ್ಟಿ ಗಡಿ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷಿನ ಪಾದ್ರಿಯೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರ ಪುಸ್ತಕದಲ್ಲಿ ಬರೆಯಬೇಕೆಂದು ಹುಕುಂ ಮಾಡಿದ. ಕಾಗದ ಹಾಳಾಗುತ್ತದೆಂದು 1598ರಲ್ಲಿ ಚರ್ಮದ ಹಾಳೆಗೆ ನಕಲು ಮಾಡಲು ಹೇಳಿದರು, ವರ್ಷಕ್ಕೊಮ್ಮೆ ಒಂದು ಪ್ರತಿ ಬಿಷಪ್ಪನ ಕಚೇರಿಗೂ ಹೋಗಬೇಕೆಂದರು. ಪುಸ್ತಕ ಇಡುವ ಪೆಟ್ಟಿಗೆಗೆ ಮೂರು ಕೀಲಿ: ಒಂದು ಪಾದ್ರಿಯ ಹತ್ತಿರ, ಎರಡು ಊರಿನ ಇಬ್ಬರು ಚರ್ಚು ಪಂಚರ ಹತ್ತಿರ. ಒಬ್ಬನೇ ಪೆಟ್ಟಿಗೆ ತೆಗೆಯುವ ಹಾಗಿಲ್ಲ. ನೂರು ವರ್ಷ ದಾಟಿದ ಪುಸ್ತಕಗಳು ಸಾಮಾನ್ಯವಾಗಿ ಜಿಲ್ಲಾ ದಾಖಲೆ ಭಂಡಾರಕ್ಕೆ ಸೇರಬೇಕೆಂದು 1978ರಲ್ಲಿ ನಿಯಮವಾಯಿತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ನಮ್ಮ ಕಂದಾಯ ಪುಸ್ತಕ ಹೊಲ ಇದ್ದವನ ಹೆಸರು ಬರೆಯುತ್ತದೆ. ಹೊಲ ಇಲ್ಲದ ವಾಲಿಕಾರನ ಹೆಂಡತಿ, ಕೂಲಿಯವನ ಮಗಳು ಅದರಲ್ಲಿ ಎಲ್ಲಿಯೂ ಇಲ್ಲ. ಪ್ಯಾರಿಷ್ ಪುಸ್ತಕದಲ್ಲಿ ಜೀತದವನ ಹಸುಗೂಸಿಗೂ ಒಂದು ಸಾಲು. ನಮ್ಮಲ್ಲಿ ವಂಶದ ಲೆಕ್ಕ ಇಟ್ಟವರು ಹೆಳವರು. ನಾನು ಸಣ್ಣವನಿದ್ದಾಗ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ನಮ್ಮ ಮನೆತನ ಯಾವ ಊರಿಂದ ಎದ್ದು ಬಂತು, ಯಾರ ಮಗ ಯಾರು ಎಂದು ತಾಸುಗಟ್ಟಲೆ ಹೇಳುತ್ತಿದ್ದ ಹೆಳವನಿಗೆ ಅಪ್ಪ ಜೋಳ ಅಳೆದು ಹಾಕುತ್ತಿದ್ದರು. ಈಗ ಅವರ ಮಕ್ಕಳು ಬೈಕಿನಲ್ಲಿ ಬರುತ್ತಾರೆ, ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಆ ಪುಸ್ತಕಗಳನ್ನು ಯಾವ ಭಂಡಾರ ಕಾಯುತ್ತಿದೆ?

ಪ್ಯಾರಿಷ್ ಗಡಿಗೆ ಇನ್ನೊಂದು ಮುಖವೂ ಇತ್ತು. 1662ರ ಕಾನೂನಿನ ಪ್ರಕಾರ, ಮುಂದೆ ಊರ ಖರ್ಚಿಗೆ ಬೀಳಬಹುದಾದ ಪರಊರ ಬಡವನನ್ನು ನಲವತ್ತು ದಿನದೊಳಗೆ ಅವನ ಪ್ಯಾರಿಷಿಗೆ ದಬ್ಬಬಹುದಿತ್ತು. ತುಂಬು ಬಸುರಿಯನ್ನು ಗಡಿ ದಾಟಿಸಿದ ಪ್ರಸಂಗಗಳಿವೆ, ಕೂಸು ತಮ್ಮ ಸೀಮೆಯಲ್ಲಿ ಹುಟ್ಟಿದರೆ ಸಾಕಬೇಕಾದೀತೆಂದು. ಅಗಸಿಯ ಹೊರಗೆ ಕೇರಿ ಕಟ್ಟಿಸಿದ ನಾವು ಅವರಿಗೆ ಬುದ್ಧಿ ಹೇಳಲಿಕ್ಕೆ ಹೋಗಬೇಕಾಗಿಲ್ಲ.

ಗಡಿಯನ್ನು ನೆನಪಿಡಿಸುವ ಅವರ ರೀತಿ ಮಾತ್ರ ಕೇಳುವಂಥದ್ದು. ಈಸ್ಟರ್ ಕಳೆದು ಐದು ವಾರಕ್ಕೆ ಪಾದ್ರಿ, ಹಿರಿಯರು, ಹುಡುಗರು ಎಲ್ಲ ಕೂಡಿ ಪ್ಯಾರಿಷಿನ ಗಡಿ ಸುತ್ತುತ್ತಿದ್ದರು. ಗಡಿಗಲ್ಲು ಬಂದಾಗ ಕೋಲಿನಿಂದ ಕಲ್ಲಿಗೆ ಹೊಡೆಯುವುದು, ಕೆಲವು ಕಡೆ ಹುಡುಗರನ್ನೇ ಎತ್ತಿ ಕಲ್ಲಿನ ಮೇಲೆ ಕುಕ್ಕುವುದು. ಪೆಟ್ಟು ತಿಂದವನು ಎಪ್ಪತ್ತು ವರ್ಷದ ಮುದುಕನಾದರೂ ಗಡಿ ಮರೆಯುವುದಿಲ್ಲ, ವ್ಯಾಜ್ಯ ಬಂದರೆ ಅವನೇ ಸಾಕ್ಷಿ. ನಮ್ಮಲ್ಲಿ ದ್ಯಾಮವ್ವನ ಜಾತ್ರೆಯಲ್ಲಿ ರಾತ್ರಿ ಸೀಮೆ ಸುತ್ತಿ ಹುಲುಸು ಚೆಲ್ಲುವುದಿಲ್ಲವೇ? ಅದೂ ಗಡಿಯ ನೆನಪೇ. ಈಗ ಅದನ್ನು ಟಾಟಾ ಏಸ್ ಹತ್ತಿ ರಸ್ತೆಗುಂಟ ಮುಗಿಸುತ್ತಾರೆ.

ಅಲ್ಲಿಯ ಯಾರ್ಕ್‌ಶೈರಿನಲ್ಲಿ ವಾರಮ್ ಪರ್ಸಿ ಅಂತ ಒಂದು ಹಾಳೂರಿದೆ. ಕುರಿ ಸಾಕಾಣಿಕೆಗಾಗಿ ಒಡೆಯರು 1500ರ ಸುಮಾರಿಗೆ ಕೊನೆಯ ಒಕ್ಕಲುಗಳನ್ನೂ ಎಬ್ಬಿಸಿದರು, ಈಗ ಮೊಂಡು ಚರ್ಚು ಒಂದೇ ನಿಂತಿದೆ. 1950ರಿಂದ 1990ರವರೆಗೆ ವರ್ಷವರ್ಷ ಅಗೆದು ಅದರ ಕಥೆ ಬರೆದರು. ನಮ್ಮ ತಾಲ್ಲೂಕು ನಕಾಶೆಗಳಲ್ಲಿ ಬೇಚಿರಾಕ್ ಎಂದು ಬರೆದ ಊರುಗಳು ಎಷ್ಟಿವೆ! ಸರ್ವೆ ನಂಬರು ಇವೆ, ಮನೆ ಇಲ್ಲ, ಒಬ್ಬ ಹನುಮಪ್ಪ ಇದ್ದಾನೆ. ಶನಿವಾರ ಮಗ್ಗುಲ ಊರಿನವರು ಎಣ್ಣೆ ಹಾಕಿ ಬರುತ್ತಾರೆ. ಅಲ್ಲಿಯ ಜನ ಪ್ಲೇಗಿಗೆ ಹೋದರೋ ಬರಕ್ಕೆ ಹೋದರೋ ಕೇಳಿದವರಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಗ್ರಾಮ ನಕಾಶೆಯ ದೊಡ್ಡ ಪ್ರತಿಯೊಂದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ, ಬೀರುವಿನಲ್ಲಿಟ್ಟು ಕೀಲಿ ಹಾಕುವುದು ಬೇಡ. ಚುಕ್ಕೆಗೆರೆಯ ಬಂಡಿದಾರಿ, ಹಳ್ಳ, ಕೆರೆ, ಗಾಯರಾಣ, ಸುಡುಗಾಡು, ಬ ಖರಾಬು ಎಂದು ಬರೆದ ಸಾರ್ವಜನಿಕ ಜಾಗ ಇವನ್ನು ಬಣ್ಣದಲ್ಲಿ ತೋರಿಸಲಿ. ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ಯುಗಾದಿಯೊಳಗೆ ಹೊಲ ಬರಿದಾಗಿರುತ್ತದೆ, ಬದು ಬರಿಗಣ್ಣಿಗೆ ಕಾಣುತ್ತದೆ. ಆಗ ಒಂದು ದಿನ ಹನ್ನೆರಡು ಜನ ನಕಾಶೆ ಹಿಡಿದು ಸುತ್ತಲಿ. ಲ್ಯಾಕ್ಸ್‌ಟನ್ನಿನವರಂತೆ ಊರನ್ನು ಮೂರು ಪಾಲು ಮಾಡಿಕೊಂಡರೆ ವರ್ಷಕ್ಕೊಂದು ಪಾಲು ಸಾಕು. ಆ ಹನ್ನೆರಡು ಜನರನ್ನು ಚೀಟಿ ಎತ್ತಿ ಆರಿಸಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು, ಕೇರಿಯವರು ಇರಲೇಬೇಕು, ಕುರಿಗಾರ ಒಬ್ಬ ಇರಬೇಕು. ಊರ ಹಾದಿಯೆಲ್ಲ ಕುರಿಗಾರನಿಗೆ ಗೊತ್ತಿದ್ದಷ್ಟು ಸರ್ವೇಯರನಿಗೆ ಗೊತ್ತಿರುವುದಿಲ್ಲ, ಇದು ನನ್ನ ಅನುಭವ. ಶಾಲೆಯ ಏಳನೇ ಇಯತ್ತೆಯ ಮಕ್ಕಳೂ ಹೋಗಲಿ, ಕಲ್ಲಿನ ಮೇಲೆ ಕುಕ್ಕುವುದು ಬೇಡ, ಕಲ್ಲಿಗೆ ಸುಣ್ಣ ಬಳಿಯುವ ಕೆಲಸ ಅವರಿಗೆ ಕೊಡಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು: ಇಂಥ ಸರ್ವೆ ನಂಬರಿನ ಮಗ್ಗುಲ ದಾರಿ ಇಷ್ಟು ಅಡಿ ಇತ್ತು, ಈಗ ಇಷ್ಟಿದೆ. ದಂಡ ಹಾಕುವ ಅಧಿಕಾರ ಇವರಿಗಿಲ್ಲ, ಒತ್ತುವರಿ ಬಿಡಿಸುವವರು ತಹಶೀಲ್ದಾರರೇ. ಆದರೆ ವರ್ಷವರ್ಷ ಬರೆದ ಪುಸ್ತಕ ಎದುರಿಗಿದ್ದರೆ ತಹಶೀಲ್ದಾರರ ಕೆಲಸ ಅರ್ಧ ಮುಗಿದಂತೆ, ಮತ್ತು "ಕಲ್ಲು ತಾನ ನಡಕೊಂತ ಹೋತು" ಎನ್ನುವ ಮಾತು ನಡೆಯುವುದಿಲ್ಲ.

ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ಆ್ಯಪ್ ಬೇಡ. ಅಡ್ಡಿ ಬರುವುದು ಬೇರೆ ಕಡೆಯಿಂದ. ಹಳ್ಳಿಗಳಲ್ಲಿ ದಾರಿ ಉತ್ತವರು, ಹಳ್ಳ ಒತ್ತಿದವರು ಹಲವು ಸಲ ಪಂಚಾಯಿತಿಯ ಕುರ್ಚಿಯ ಮೇಲೋ ಅದರ ಹಿಂದೋ ಇರುತ್ತಾರೆ. ಅದಕ್ಕೇ ಚೀಟಿ ಎತ್ತಬೇಕು ಎಂದೆ. ಪುಸ್ತಕದ ಪೆಟ್ಟಿಗೆಗೂ ಮೂರು ಕೀಲಿ ಇರಲಿ: ಒಂದು ಪಿಡಿಒ ಹತ್ತಿರ, ಒಂದು ಶಾಲೆಯ ಮುಖ್ಯ ಗುರುಗಳ ಹತ್ತಿರ, ಒಂದು ಸ್ವಸಹಾಯ ಸಂಘದ ಹೆಣ್ಣುಮಗಳ ಹತ್ತಿರ.

ನಮ್ಮ ತಾಲ್ಲೂಕಿನ ಯಾವುದೇ ಪಂಚಾಯಿತಿ ಇದಕ್ಕೆ ಒಪ್ಪಿದರೆ ಬರುವ ಯುಗಾದಿಗೆ ಮೊದಲು ನಾನೇ ನಕಾಶೆ ಓದಿ ಹೇಳಲು ಬರುತ್ತೇನೆ. ಉರ್ದು ಕಾಗದವಿದ್ದರೆ ಅದನ್ನೂ ತರಲಿ. ಮಂಡಿ ನೋವಿದೆ, ನಡೆಯುವುದು ನಿಧಾನ, ಬೆಳಗ್ಗೆ ಬೇಗ ಹೊರಡಬೇಕಾಗುತ್ತದೆ. ನನಗೆ ಭತ್ಯೆ ಬೇಡ, ಮಧ್ಯಾಹ್ನ ಬದುವಿನ ಮೇಲೆ ರೊಟ್ಟಿ, ಪುಂಡಿಪಲ್ಯ ಹಾಕಿದರೆ ಸಾಕು.

ಇಂತಿ,
ನಿವೃತ್ತ ಭೂಮಾಪಕ
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ